ಪೋಲೋ ಸೈಕಲ್ ತಡವಾಗಿ ಹೊರಡುತ್ತಿದೆಯೇ? ಗೇರಿಂಗ್‌ನಿಂದ ಬ್ರೇಕ್‌ವರೆಗೆ ದೋಷ ಹುಡುಕುವ ಕ್ರಮ

"ಚೆಂಡು ನನ್ನ ಹತ್ತಿರವೇ ಇತ್ತು. ಆದ್ರೂ ಅವನೇ ಮೊದಲು ಮುಟ್ಟಿದ." ಹಾರ್ಡ್‌ಕೋರ್ಟ್ ಸೈಕಲ್ ಪೋಲೋಗೆ, ಅಂದರೆ ಗಟ್ಟಿ ನೆಲದ ಮೇಲೆ ಸೈಕಲ್ಲಿನಲ್ಲಿ ಕೂತು ಕೋಲಿನಿಂದ ಚೆಂಡು ಹೊಡೆಯುವ ಆಟಕ್ಕೆ, ಹೊಸದಾಗಿ ಬಂದವರು ಮತ್ತೆ ಮತ್ತೆ ಹೇಳುವ ಮಾತು ಇದು. ಕಾಲಲ್ಲಿ ಕಸುವು ಸಾಲದು ಅಂತ ಕೊರಗುತ್ತಾರೆ. ಮೊದಲು ಚೈನ್ ವೀಲ್‌ನ (ಪೆಡಲ್ ಪಕ್ಕದ ಹಲ್ಲುಚಕ್ರದ) ಹಲ್ಲು ಎಣಿಸಿ ಅಂತ ನಾನು ಹೇಳುತ್ತೇನೆ. ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ. ಸಿಗದೇ ಇದ್ದಾಗ ಮುಂದೆ ಎಲ್ಲಿ ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದಕ್ಕೆ ಈ ಬರಹ.

ಒಂದು ನಿಯಮ ಮೊದಲೇ ಹೇಳಿಬಿಡುತ್ತೇನೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಚಕ್ರ), ಟೈರ್, ಸೀಟಿನ ಎತ್ತರ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅನ್ನುವುದು ಗೊತ್ತೇ ಆಗುವುದಿಲ್ಲ.

ಈ ಆಟಕ್ಕೆ ಬೇರೆ ಲೆಕ್ಕ ಯಾಕೆ?

ಸೈಕಲ್ ಪೋಲೋ ಹುಟ್ಟಿದ್ದು 1891ರಲ್ಲಿ, ಐರ್ಲೆಂಡಿನ ವಿಕ್ಲೋದಲ್ಲಿ, ಹುಲ್ಲಿನ ಮೈದಾನದ ಮೇಲೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅದರ ಪ್ರದರ್ಶನ ಪಂದ್ಯವೂ ನಡೆದಿತ್ತು. ಭಾರತದಲ್ಲಿ ಇವತ್ತಿಗೂ ಜಾಸ್ತಿ ಆಡುವುದು ಆ ಹುಲ್ಲಿನ ಆಟವನ್ನೇ. ಗಟ್ಟಿ ನೆಲದ ಆಟ ಬೇರೆ. ಅದು 2000ದ ಆಸುಪಾಸಿನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸೈಕಲ್ ಮೇಲೆ ಟಪಾಲು, ಪೊಟ್ಟಣ ಹಂಚುವ ಹುಡುಗರಿಂದ ಶುರುವಾಯಿತು. ಅವರು ಕೆಲಸದ ಸೈಕಲ್ಲಿನಲ್ಲೇ ಆಡುತ್ತಿದ್ದರು. ಹಲವರದು ಫಿಕ್ಸೆಡ್ ಗೇರ್ (ಚಕ್ರ ತಿರುಗುವವರೆಗೂ ಪೆಡಲ್ ಕೂಡ ತಿರುಗುತ್ತಲೇ ಇರುವ ಬಗೆ), ಅದೂ ರಸ್ತೆಗೆ ಹೊಂದಿಸಿದ ಭಾರದ ಗೇರ್. ಆಟ ಚುರುಕಾದಂತೆ ಆ ಗೇರ್ ಇಳಿಯುತ್ತಾ ಬಂತು. ಫಿಕ್ಸೆಡ್ ಹೋಗಿ ಫ್ರೀವೀಲ್ ಬಂತು.

ಕಾರಣ ಸರಳ. ಒಂದು ಕಡೆಗೆ ಮೂರು ಜನ. ಅಂಗಳದ ಉದ್ದ 40 ಮೀಟರ್ ಆಸುಪಾಸು, ಸುತ್ತ ಗೋಡೆ. ಕಾಲು ನೆಲಕ್ಕೆ ತಾಗಿದರೆ ಅಂಗಳದ ಮಧ್ಯಭಾಗದ ಬದಿಗೆ ಹೋಗಿ ಮ್ಯಾಲೆಟ್‌ನಿಂದ (ಚೆಂಡು ಹೊಡೆಯುವ ಕೋಲಿನಿಂದ) ತಟ್ಟಿ ಬಂದ ಮೇಲೆಯೇ ಮತ್ತೆ ಆಟ. ಇಷ್ಟು ಚಿಕ್ಕ ಜಾಗದಲ್ಲಿ ಯಾರೂ ಪೂರ್ತಿ ವೇಗಕ್ಕೆ ಹೋಗುವುದೇ ಇಲ್ಲ. ನಿಲ್ಲುವುದು, ತಿರುಗುವುದು, ಮತ್ತೆ ಹೊರಡುವುದು, ಇಷ್ಟೇ. ಹೊರಡುವ ಮೊದಲ ಎರಡು ತುಳಿತದಲ್ಲಿ ಯಾರು ಮುಂದೆ ಅನ್ನುವುದೇ ಚೆಂಡು ಯಾರದು ಅನ್ನುವುದನ್ನು ತೀರ್ಮಾನಿಸುತ್ತದೆ.

ಮೊದಲು ಹಲ್ಲು ಎಣಿಸಿ

ಮುಂದಿನ ಚೈನ್ ವೀಲ್‌ನ ಹಲ್ಲನ್ನು ಹಿಂದಿನ ಫ್ರೀವೀಲ್‌ನ ಹಲ್ಲಿನಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಚಕ್ರದ ಸುತ್ತಳತೆಯಿಂದ ಗುಣಿಸಿ. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಎಷ್ಟು ಮುಂದೆ ಹೋಗುತ್ತದೆ ಅನ್ನುವುದು ಸಿಗುತ್ತದೆ. 700ಸಿ ಚಕ್ರಕ್ಕೆ (ರಸ್ತೆ ಸೈಕಲ್ಲಿನ ದೊಡ್ಡ ಚಕ್ರದ ಅಳತೆ) 35 ಮಿ.ಮೀ. ಟೈರ್ ಹಾಕಿದರೆ ಸುತ್ತಳತೆ ಸುಮಾರು 2.17 ಮೀಟರ್. 26 ಇಂಚಿನ ಚಕ್ರಕ್ಕೆ ಒಂದೂವರೆ ಇಂಚಿನ ಟೈರ್ ಇದ್ದರೆ ಸುಮಾರು 1.99 ಮೀಟರ್.

ಅಂಗಡಿಯಿಂದ ಹಾಗೇ ತಂದ ಫಿಕ್ಸಿ (ಫಿಕ್ಸೆಡ್ ಗೇರ್) ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 16 ಇರುವುದು ಸಾಮಾನ್ಯ. ಭಾಗಿಸಿದರೆ 2.75. 700ಸಿ ಚಕ್ರದಲ್ಲಿ ಒಂದು ಸುತ್ತಿಗೆ ಆರು ಮೀಟರ್ ಹತ್ತಿರ. ರಸ್ತೆಗೆ ಇದು ಚೆನ್ನ. ಪೋಲೋದಲ್ಲಿ ನಿಂತಲ್ಲಿಂದ ಇದನ್ನು ಎಳೆಯುವಷ್ಟರಲ್ಲಿ ಚೆಂಡು ಎದುರು ಗೋಡೆ ಮುಟ್ಟಿರುತ್ತದೆ. ಮುಂದೆ 32, ಹಿಂದೆ 20 ಹಾಕಿ ನೋಡಿ. ಅನುಪಾತ 1.6, ಒಂದು ಸುತ್ತಿಗೆ 3.47 ಮೀಟರ್. ನಿಮಿಷಕ್ಕೆ 100 ಸುತ್ತು ತುಳಿದರೆ ಗಂಟೆಗೆ 21 ಕಿ.ಮೀ. ಹತ್ತಿರ, 120 ತುಳಿದರೆ 25 ಕಿ.ಮೀ. ಈ ಅಂಗಳಕ್ಕೆ ಇದು ಸಾಕು.

ಹೊಸಬರಿಗೆ ನಾನು ಹೇಳುವ ಗುರಿ: ಒಂದು ಸುತ್ತಿಗೆ 3.1ರಿಂದ 3.6 ಮೀಟರ್. 700ಸಿಗೆ ಅನುಪಾತ 1.45ರಿಂದ 1.65ರ ಒಳಗೆ ಬರುತ್ತದೆ. 26 ಇಂಚಿಗೆ 1.6ರಿಂದ 1.8. ಚಕ್ರದ ಅಳತೆ ಮರೆತು ಬೇರೆಯವರ ಹಲ್ಲಿನ ಲೆಕ್ಕ ನಕಲು ಮಾಡಬೇಡಿ. 700ಸಿಯಲ್ಲಿ 32–20 ಕೊಡುವ ಅನುಭವ 26 ಇಂಚಿನಲ್ಲಿ ಬೇಕಾದರೆ 32–18 ಹಾಕಬೇಕು. ಪೂರ್ತಿ ಎರಡು ಹಲ್ಲಿನ ವ್ಯತ್ಯಾಸ ಅದು.

ಗೇರ್ ತೀರಾ ಹಗುರವಾದರೂ ಗೊತ್ತಾಗುತ್ತದೆ. ಅರ್ಧ ಅಂಗಳ ದಾಟುವ ಮುಂಚೆಯೇ ಕಾಲು ಗಿರಗಿರ ತಿರುಗಿ ಸೀಟಿನ ಮೇಲೆ ಮೈ ಕುಣಿಯಲು ಶುರುವಾಗುತ್ತದೆ. ಚೆಂಡು ಕಿತ್ತುಕೊಂಡು ಓಡಿದವನನ್ನು ಹಿಡಿಯಲು ಆಗುವುದಿಲ್ಲ. ಆಗ ಹಿಂದೆ ಒಂದು ಹಲ್ಲು ಕಡಿಮೆ ಮಾಡಿ. ಹಿಂದಿನ ಒಂದು ಹಲ್ಲು ಸುಮಾರು 5 ಪ್ರತಿಶತ ಬದಲಾವಣೆ, ಮುಂದಿನ ಒಂದು ಹಲ್ಲು ಸುಮಾರು 3 ಪ್ರತಿಶತ. ಗೋಲಿನ ಬಾಯಲ್ಲಿ ಜಾಸ್ತಿ ಹೊತ್ತು ನಿಲ್ಲುವವರು ಹಗುರದ ಕಡೆಗೇ ಇರಲಿ.

ಬೇಕಾದ ಹಲ್ಲು ಹಾಕಲು ಆಗುತ್ತಿಲ್ಲವೇ?

ಲೆಕ್ಕ ಸರಿ ಇದ್ದರೂ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಒಪ್ಪದೇ ಇರಬಹುದು. ಹಳೇ ಕಾಲದ ಕರಿ ಸೈಕಲ್ಲಿನಲ್ಲಿ ಚೈನ್ ವೀಲ್ ಕ್ರ್ಯಾಂಕಿಗೇ ಒತ್ತಿ ಕೂಡಿಸಿರುತ್ತಾರೆ, ಬಿಚ್ಚಲು ಬರುವುದಿಲ್ಲ. 44 ಹಲ್ಲು ಇದ್ದರೆ ಹಿಂದೆ 22 ಹಾಕಿದರೂ ಅನುಪಾತ 2. ಇನ್ನೂ ಭಾರವೇ. ರೇಸ್ ಸೈಕಲ್ಲಿನ ಐದು ಬೋಲ್ಟಿನ ಕ್ರ್ಯಾಂಕ್, ಬೋಲ್ಟ್ ವೃತ್ತ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ) 130 ಮಿ.ಮೀ. ಇರುವಂಥದ್ದು, 38 ಹಲ್ಲಿಗಿಂತ ಕೆಳಗೆ ಇಳಿಯುವುದಿಲ್ಲ. 38–22 ಅಂದರೆ 1.73. ಆಡಬಹುದು, ಆದರೆ ಸೊಂಟಕ್ಕೆ ಕೆಲಸ ಜಾಸ್ತಿ.

ಒಳ್ಳೆಯ ದಾರಿ ಇನ್ನೊಂದಿದೆ, ಅಗ್ಗವೂ ಹೌದು. ಹಳೇ ಮೌಂಟನ್ ಬೈಕಿನ ಮೂರು ಚೈನ್ ರಿಂಗ್ (ಬಿಚ್ಚಲು ಬರುವ ಚೈನ್ ವೀಲ್) ಇರುವ ಕ್ರ್ಯಾಂಕ್ ಹುಡುಕಿ. ನಾಲ್ಕು ಬೋಲ್ಟು, ವೃತ್ತ 104 ಮಿ.ಮೀ. ಅದರಲ್ಲಿ ಮಧ್ಯದ್ದು ಸಾಮಾನ್ಯವಾಗಿ 32. ದೊಡ್ಡದನ್ನೂ ಚಿಕ್ಕದನ್ನೂ ತೆಗೆದುಹಾಕಿ. ದೊಡ್ಡದಿದ್ದ ಜಾಗಕ್ಕೆ ಹಲ್ಲಿಲ್ಲದ ದಪ್ಪ ಗಾರ್ಡ್ ಕೂರಿಸಿ. ಮ್ಯಾಲೆಟ್ಟಿನ ಏಟು, ಪಕ್ಕದವರ ಚಕ್ರ ಎಲ್ಲವೂ ಗಾರ್ಡಿಗೆ ಬೀಳುತ್ತವೆ, ಹಲ್ಲು ಉಳಿಯುತ್ತದೆ. ಹಿಂದಿನದಕ್ಕೆ, ಊರಿನ ಸೈಕಲ್ ಅಂಗಡಿಯಲ್ಲಿ 18 ಹಲ್ಲಿನ ಫ್ರೀವೀಲ್ ಸುಲಭವಾಗಿ ಸಿಗುತ್ತದೆ. 20 ಅಥವಾ 22 ಬೇಕಾದರೆ ಮೊದಲೇ ಹೇಳಿ ತರಿಸಿ.

ಹಲ್ಲು ಸರಿ ಇದೆ, ಆದರೂ ತಡ

ಇಲ್ಲಿಂದ ಹುಡುಕಾಟ ಸೂಕ್ಷ್ಮವಾಗುತ್ತದೆ. ಒಂದು ಪರೀಕ್ಷೆ ಮಾಡಿ. ಬ್ರೇಕ್ ಹಿಡಿದು ನಿಲ್ಲಿ. ಒಂದು ಪೆಡಲ್ ಮುಂದೆ, ನೆಲಕ್ಕೆ ಸಮಾನಾಂತರವಾಗಿರಲಿ. ಅದರ ಮೇಲೆ ಮೈಭಾರ ಹಾಕುತ್ತಾ ಬ್ರೇಕ್ ಬಿಡಿ. ಪೆಡಲ್ ಕಾಲಿಗೆ ಕೂಡಲೇ ಗಟ್ಟಿಯಾಗಿ ಸಿಕ್ಕಿ, ಸೈಕಲ್ ಮಾತ್ರ ನಿಧಾನಕ್ಕೆ ಹೊರಟರೆ ಭಾರದ್ದೇ ಸಮಸ್ಯೆ: ಒಂದೋ ಗೇರ್, ಒಂದೋ ಎಲ್ಲೋ ಉಜ್ಜುತ್ತಿದೆ. ಪೆಡಲ್ ಮೊದಲು ಸ್ವಲ್ಪ ಸುಮ್ನೆ ಇಳಿದು ಆಮೇಲೆ "ಟಕ್" ಅಂತ ಹಿಡಿದರೆ ಅದು ಸಡಿಲದ ಸಮಸ್ಯೆ: ಫ್ರೀವೀಲ್ ಅಥವಾ ಚೈನ್.

ಸಡಿಲವನ್ನು ಮೊದಲು ನೋಡೋಣ. ಇದು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಫ್ರೀವೀಲ್ ಒಳಗೆ ಪುಟ್ಟ ನಾಲಿಗೆಗಳು ಹಲ್ಲುಗಳಿಗೆ ಕಚ್ಚಿಕೊಳ್ಳುತ್ತವೆ. ಒಂದು ಸುತ್ತಿನಲ್ಲಿ 18 ಕಡೆ ಕಚ್ಚುವ ಫ್ರೀವೀಲ್ ಅಂದುಕೊಳ್ಳಿ. ಎರಡು ಕಚ್ಚುವ ಜಾಗದ ನಡುವೆ 20 ಡಿಗ್ರಿ. 44–16 ಗೇರಿನಲ್ಲಿ ಇದು ಕ್ರ್ಯಾಂಕಿನ ಹತ್ತಿರ 7 ಡಿಗ್ರಿ ಚಿಲ್ಲರೆ ಆಗುತ್ತದೆ. 170 ಮಿ.ಮೀ. ಕ್ರ್ಯಾಂಕಿನಲ್ಲಿ ಪೆಡಲ್ ಹೆಚ್ಚೆಂದರೆ 22 ಮಿ.ಮೀ. ಸುಮ್ನೆ ಇಳಿಯುತ್ತದೆ. ಅದೇ ಫ್ರೀವೀಲ್ ರೀತಿಯನ್ನು 32–20ರಲ್ಲಿ ಹಾಕಿ. ಈಗ 12.5 ಡಿಗ್ರಿ, ಪೆಡಲ್ಲಿನಲ್ಲಿ 37 ಮಿ.ಮೀ. ಅಂದರೆ ಗೇರ್ ಹಗುರ ಮಾಡಿದಷ್ಟೂ ಫ್ರೀವೀಲ್ ಸಡಿಲ ಕಾಲಿಗೆ ಜಾಸ್ತಿ ತಾಗುತ್ತದೆ. "ಗೇರ್ ಬದಲಿಸಿದ ಮೇಲೆ ಸೈಕಲ್ ಲಟಲಟ ಅನ್ನುತ್ತಿದೆ" ಅಂತ ಹೇಳುವವರು ಸುಳ್ಳು ಹೇಳುತ್ತಿಲ್ಲ. 36 ಕಡೆ ಕಚ್ಚುವ ಫ್ರೀವೀಲ್ ಹಾಕಿದರೆ ಈ 37 ಮಿ.ಮೀ. ಅರ್ಧವಾಗುತ್ತದೆ. ಪೋಲೋ ಸೈಕಲ್ಲಿಗೆ ದುಡ್ಡು ಹಾಕುವುದಿದ್ದರೆ ಮೊದಲು ಇಲ್ಲಿ ಹಾಕಿ ಅನ್ನುವುದು ನನ್ನ ಮಾತು. ಹಗುರ ಫ್ರೇಮು, ಬಣ್ಣದ ಪೆಡಲ್ಲು ಆಮೇಲೆ.

ಈಗ ಭಾರ. ಸೈಕಲ್ಲಿನ ಹಿಂಭಾಗ ಎತ್ತಿ ಚಕ್ರ ತಿರುಗಿಸಿ. ಬ್ರೇಕ್ ರಬ್ಬರ್ ತಾಗುತ್ತಿದೆಯಾ, ರಿಮ್ ಔಟ್ ಆಗಿದೆಯಾ ನೋಡಿ. ಎತ್ತಿ ಹಿಡಿದಾಗ ಎಲ್ಲ ಸರಿ ಕಂಡರೂ ತುಳಿದಾಗ ಉಜ್ಜುವುದುಂಟು. ಹಿಂದಿನ ಚಕ್ರದ ನಟ್ ಸ್ವಲ್ಪ ಸಡಿಲವಿದ್ದರೆ, ಜೋರಾಗಿ ತುಳಿದ ಕೂಡಲೇ ಚೈನ್ ಆ ಬದಿಯ ಆಕ್ಸಲ್‌ ಅನ್ನು ಮುಂದಕ್ಕೆ ಎಳೆಯುತ್ತದೆ. ಚಕ್ರ ಓರೆಯಾಗಿ ಟೈರ್ ಎಡಗಡೆಯ ಫ್ರೇಮ್ ಕೊಳವೆಗೆ ತಾಗುತ್ತದೆ. ಆ ಕೊಳವೆಯ ಒಳಬದಿಯಲ್ಲಿ ಕಪ್ಪು ಗೀರು ಇದ್ದರೆ ಇದೇ ಕಾರಣ. ನಟ್ ಬಿಗಿ ಮಾಡಿ, ಸಾಧ್ಯವಾದರೆ ಬಲಬದಿಗೆ ಚೈನ್ ಎಳೆದು ಹಿಡಿಯುವ ಚಿಕ್ಕ ಟೆನ್ಷನರ್ ಹಾಕಿ. ಕೊನೆಗೆ ಗಾಳಿ. 35 ಮಿ.ಮೀ. ಟೈರಿಗೆ ಗಟ್ಟಿ ನೆಲದ ಮೇಲೆ 55ರಿಂದ 70 ಪಿಎಸ್ಐ ಚೆನ್ನಾಗಿ ಹೊಂದುತ್ತದೆ. ಟೈರ್ ಬದಿಯಲ್ಲಿ ಬರೆದ ಮಿತಿ ಮೀರಬೇಡಿ.

ತುಳಿದಾಗ ಪೆಡಲ್ ಜಾರುತ್ತದೆ

ಇದು ಅಪಾಯದ ದೋಷ. ಪೂರ್ತಿ ಬಲ ಹಾಕಿದಾಗ ಪೆಡಲ್ ಹಠಾತ್ತನೆ ಕೆಳಗೆ ಹೋದರೆ ಮುಖ ಹ್ಯಾಂಡಲ್ಲಿಗೆ ಬಡಿಯುತ್ತದೆ. ಸರಿಯಾಗುವವರೆಗೆ ಆಡಬೇಡಿ.

ಜಾರುವ ಜಾಗ ಎರಡು: ಹಲ್ಲಿನ ಮೇಲೆ ಚೈನ್ ಹತ್ತಿ ಜಾರುವುದು, ಅಥವಾ ಫ್ರೀವೀಲ್ ಒಳಗಿನ ನಾಲಿಗೆ ಕಚ್ಚದೇ ಇರುವುದು. ಸದ್ದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬೇರ್ಪಡಿಸಲು ಒಂದು ಸೀಮೆಸುಣ್ಣ ಸಾಕು. ನಮ್ಮ ಜೊತೆ ಆಡುವ ಗೆಳತಿಯೊಬ್ಬಳ ಸೈಕಲ್ ಹೀಗೇ ಜಾರುತ್ತಿತ್ತು. ಚೈನ್ ಹಳೆಯದು, ಅದನ್ನೇ ಬದಲಿಸೋಣ ಅಂತ ಎಲ್ಲರೂ ಹೇಳುತ್ತಿದ್ದರು. ಸೈಕಲ್ಲಿನ ಮುಂದಿನ ಚಕ್ರವನ್ನು ಗೋಡೆಗೆ ಒತ್ತಿ ನಿಲ್ಲಿಸಿದೆವು. ಫ್ರೀವೀಲ್‌ನ ಒಂದು ಹಲ್ಲಿಗೆ, ಅದರ ಮೇಲೆ ಕೂತ ಚೈನ್ ಕೊಂಡಿಗೆ, ನೇರ ಪಕ್ಕದ ಹಬ್‌ಗೆ (ಚಕ್ರದ ನಡುಗುಂಭಕ್ಕೆ) ಒಂದೊಂದು ಬಿಳಿ ಗುರುತು ಹಾಕಿದೆವು. ಅವಳು ಬ್ರೇಕ್ ಹಿಡಿದು ಪೆಡಲ್ ಮೇಲೆ ನಿಂತು ಜಗ್ಗಿದಳು. ಟಕ್! ನೋಡಿದರೆ ಚೈನ್ ಮತ್ತು ಹಲ್ಲಿನ ಗುರುತು ಜೊತೆಯಲ್ಲೇ ಇದ್ದವು, ಹಬ್ಬಿನ ಗುರುತು ಮಾತ್ರ ಹಿಂದೆ ಉಳಿದಿತ್ತು. ಚೈನಿನದು ಏನೂ ತಪ್ಪಿರಲಿಲ್ಲ. ಫ್ರೀವೀಲ್ ಒಳಗೆ ಗ್ರೀಸ್ ಗಟ್ಟಿಯಾಗಿ, ಮರಳು ಸೇರಿ, ನಾಲಿಗೆ ಮೇಲೇಳುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ತೆಳುವಾದ ಎಣ್ಣೆ ಬಿಟ್ಟ ಮೇಲೆ ಸರಿಹೋಯಿತು. ಈ ಜಾಗಕ್ಕೆ ಗಟ್ಟಿ ಗ್ರೀಸ್ ತುಂಬಬೇಡಿ. ತೊಳೆದರೂ ಜಾರಿದರೆ ನಾಲಿಗೆ ಸವೆದಿದೆ ಅಂತ ಅರ್ಥ, ಫ್ರೀವೀಲ್ ಹೊಸದೇ ಬೇಕು.

ಗುರುತು ನೋಡುವಾಗ ಚೈನ್ ಮತ್ತು ಹಲ್ಲಿನ ಗುರುತೇ ಬೇರೆಯಾದರೆ ಸವೆತ. ಆಗ ಚೈನಿನ ಒಂದು ಪಿನ್ನಿನ ಮೇಲೆ ಇಂಚುಪಟ್ಟಿಯ ಸೊನ್ನೆ ಇಡಿ. ಹೊಸ ಚೈನಿನಲ್ಲಿ ಅದರ ನಂತರದ 24ನೇ ಪಿನ್ ಸರಿಯಾಗಿ 12 ಇಂಚಿಗೆ ಬರುತ್ತದೆ. ಹದಿನಾರನೇ ಒಂದು ಇಂಚು ಮುಂದೆ ಹೋಗಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಇಂಚು ಹೋಗಿದ್ದರೆ ಹಲ್ಲುಗಳೂ ಹಾಳಾಗಿರುವ ಸಾಧ್ಯತೆ ಜಾಸ್ತಿ. ಹೊಸ ಚೈನನ್ನು ಹಳೇ ಹಲ್ಲಿಗೆ ಹಾಕಿದರೆ ಮೊದಲಿಗಿಂತ ಜೋರಾಗಿ ಜಾರುತ್ತದೆ.

ಗೇರ್ ಬದಲಿಸಿದ ಮೇಲೆ ಬ್ರೇಕ್ ಕೆಟ್ಟಿತು

ಇದನ್ನು ಕೇಳಿದರೆ ಸಂಬಂಧವೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಇದೆ. ಹಿಂದೆ ಒಂದು ಹಲ್ಲು ಹೆಚ್ಚಿಸಿದರೆ, ಅದೇ ಉದ್ದದ ಚೈನಿನಲ್ಲಿ ಆಕ್ಸಲ್ ಸುಮಾರು 3 ಮಿ.ಮೀ. ಮುಂದೆ ಬರಬೇಕು. 18ರಿಂದ 20ಕ್ಕೆ ಹೋದರೆ 6 ಮಿ.ಮೀ. ಸ್ಲಾಟಿನಲ್ಲಿ (ಫ್ರೇಮಿನಲ್ಲಿ ಆಕ್ಸಲ್ ಕೂರುವ ಸೀಳಿನಲ್ಲಿ) ಚಕ್ರ ಅಷ್ಟು ಸರಿದಾಗ ರಿಮ್ ಕೂಡ ಸರಿಯುತ್ತದೆ. ಬ್ರೇಕ್ ರಬ್ಬರ್ ಮಾತ್ರ ಹಳೇ ಜಾಗದಲ್ಲೇ ಇರುತ್ತದೆ. ಸ್ಲಾಟ್ ಓರೆಯಾಗಿದ್ದರೆ ರಬ್ಬರ್ ಟೈರಿಗೇ ತಾಗಿ ಅದನ್ನು ಕೊರೆಯಲೂಬಹುದು. ಗೇರ್ ಬದಲಿಸಿದ ಪ್ರತಿ ಸಲವೂ ರಬ್ಬರ್ ಮತ್ತೆ ಹೊಂದಿಸಿ.

ಸ್ಲಾಟಿನಲ್ಲಿ ಜಾಗವೇ ಮುಗಿದರೆ ಚೈನಿಗೆ ಅರ್ಧ ಕೊಂಡಿ ಹಾಕುವುದು ಉಪಾಯ. ಪೂರ್ತಿ ಜೋಡಿ ಕೊಂಡಿ ಒಂದು ಇಂಚು, ಅರ್ಧ ಕೊಂಡಿ ಅರ್ಧ ಇಂಚು. ಚೈನ್ ಅರ್ಧ ಇಂಚು ಉದ್ದವಾದರೆ ಆಕ್ಸಲ್ ಕಾಲು ಇಂಚು ಹಿಂದೆ ಹೋಗುತ್ತದೆ.

ಚೈನ್ ಬೀಳುತ್ತಲೇ ಇದೆ

ಮೊದಲು ಬಿಗಿ ನೋಡಿ. ಕ್ರ್ಯಾಂಕ್ ನಿಧಾನಕ್ಕೆ ತಿರುಗಿಸುತ್ತಾ ಕೆಳಗಿನ ಚೈನನ್ನು ಮಧ್ಯದಲ್ಲಿ ಬೆರಳಿನಿಂದ ಎತ್ತಿ ಇಳಿಸಿ. ಒಂದು ಜಾಗದಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲ ಸಿಕ್ಕರೆ ಚೈನ್ ರಿಂಗ್ ಮಧ್ಯಕ್ಕೆ ಕೂತಿಲ್ಲ. ಬೋಲ್ಟ್‌ಗಳನ್ನು ಸ್ವಲ್ಪ ಸಡಿಲಿಸಿ, ಚೈನ್ ಅತಿ ಬಿಗಿ ಇರುವ ಕಡೆ ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ, ಮತ್ತೆ ಬಿಗಿ ಮಾಡಿ. ಅತಿ ಬಿಗಿ ಇರುವ ಜಾಗದಲ್ಲಿ ಒಟ್ಟು 10 ಮಿ.ಮೀ. ಆಟ ಇರಲಿ. ತಂತಿಯ ಹಾಗೆ ಬಿಗಿದರೆ ಬೇರಿಂಗ್ ಹಾಳು.

ಬಿಗಿ ಸರಿ ಇದ್ದೂ ಬಿದ್ದರೆ ಚೈನ್ ಲೈನ್ ನೋಡಿ, ಅಂದರೆ ಮುಂದಿನ ಹಲ್ಲೂ ಹಿಂದಿನ ಹಲ್ಲೂ ಒಂದೇ ಗೆರೆಯಲ್ಲಿವೆಯಾ ಅಂತ. ಮೇಲೆ ಹೇಳಿದ ಮೌಂಟನ್ ಬೈಕ್ ಕ್ರ್ಯಾಂಕಿನಲ್ಲಿ ಈ ತೊಂದರೆ ಸಾಮಾನ್ಯ. ಅದರ ಮಧ್ಯದ ರಿಂಗ್ ಫ್ರೇಮಿನ ನಡುಗೆರೆಯಿಂದ 47ರಿಂದ 50 ಮಿ.ಮೀ. ಹೊರಗಿರುತ್ತದೆ. 120 ಮಿ.ಮೀ. ಹಬ್ಬಿನ ಫ್ರೀವೀಲ್ ಸುಮಾರು 42ರಲ್ಲಿರುತ್ತದೆ. ಅಳೆಯುವುದು ಕಷ್ಟವಲ್ಲ. ಮುಂದೆ, ಸೀಟ್ ಕೊಳವೆಯ ನಡುವಿನಿಂದ ಹಲ್ಲಿನವರೆಗೆ. ಹಿಂದೆ, ಹಬ್ಬಿನ ಹೊರ ನಟ್‌ನಿಂದ ಹಲ್ಲಿನವರೆಗೆ ಅಳೆದು, ಹಬ್ಬಿನ ಅಗಲದ ಅರ್ಧದಿಂದ ಕಳೆಯಿರಿ. 120ರ ಹಬ್ಬಿನಲ್ಲಿ 18 ಬಂದರೆ, 60ರಲ್ಲಿ 18 ಹೋಗಿ 42. ಎರಡರ ನಡುವೆ ಎರಡು ಮೂರು ಮಿ.ಮೀ. ವ್ಯತ್ಯಾಸ ನಡೆಯುತ್ತದೆ. ಜಾಸ್ತಿ ಇದ್ದರೆ ಚಿಕ್ಕ ಬಿಬಿ ಆಕ್ಸಲ್ (ಎರಡೂ ಕ್ರ್ಯಾಂಕ್ ಕೂರುವ ಆಕ್ಸಲ್) ಬೇಕು. ರಿಂಗ್ ಫ್ರೇಮಿಗೆ ತಾಗದಂತೆ ಗಮನಿಸಿ.

ಏಟು ಬಿದ್ದ ದಿನದಿಂದಲೇ ಚೈನ್ ಬೀಳಲು ಶುರುವಾಗಿದ್ದರೆ ಇಷ್ಟೆಲ್ಲಾ ಅಳೆಯುವ ಮುಂಚೆ ರಿಂಗನ್ನು ಮೇಲಿನಿಂದ ಒಮ್ಮೆ ನೋಡಿ. ಒಂದು ಹಲ್ಲು ಬಾಗಿದ್ದರೂ ಸಾಕು.

ಹಿಡಿದರೆ ನಿಲ್ಲುವುದಿಲ್ಲ, ಜಾರಿ ತಿರುಗುತ್ತದೆ

ಬಲಗೈಯಲ್ಲಿ ಮ್ಯಾಲೆಟ್ ಹಿಡಿದರೆ ಬ್ರೇಕಿಗೆ ಉಳಿಯುವುದು ಎಡಗೈ ಒಂದೇ. ಇಲ್ಲೊಂದು ತೊಡಕಿದೆ. ಅಮೆರಿಕದ ಸೈಕಲ್ಲಿನಲ್ಲಿ ಎಡಗಡೆಯ ಲಿವರ್ ಮುಂದಿನ ಬ್ರೇಕಿನದು. ಹಾಗಾಗಿ ಅಲ್ಲಿನ ಬಲಗೈ ಆಟಗಾರರಿಗೆ ತಾನಾಗೇ ಹೊಂದಿಕೊಳ್ಳುತ್ತದೆ. ನಮ್ಮಲ್ಲಿ ಬ್ರಿಟನ್ನಿನಂತೆ ಬಲಗಡೆಯದು ಮುಂದಿನದು, ಎಡಗಡೆಯದು ಹಿಂದಿನದು. ಇಲ್ಲಿನ ಸೈಕಲ್ಲನ್ನು ಹಾಗೇ ಅಂಗಳಕ್ಕೆ ತಂದು ಬಲಗಡೆಯ ಲಿವರ್ ಬಿಚ್ಚಿಹಾಕಿದರೆ ಹಿಂದಿನ ಬ್ರೇಕ್ ಮಾತ್ರ ಉಳಿಯುತ್ತದೆ. ನಿಲ್ಲಿಸುವ ಬಲದ ಬಹುಪಾಲು ಮುಂದಿನ ಚಕ್ರದಲ್ಲಿರುವುದರಿಂದ ಹಿಂದಿನದು ಕಿರ್ ಅಂತ ಜಾರಿ ಅಡ್ಡ ತಿರುಗುತ್ತದೆ. ಎಡ ಲಿವರಿಗೆ ಮುಂದಿನ ಕೇಬಲ್ ಹಾಕಿ. ಎರಡೂ ಬೇಕಾದರೆ ಎರಡು ಕೇಬಲ್ ಎಳೆಯುವ ಒಂದೇ ಲಿವರ್ ಸಿಗುತ್ತದೆ. ಅದರಲ್ಲಿ ಹಿಂದಿನದು ಒಂದು ಚೂರು ಮೊದಲು ತಾಗುವಂತೆ ಹೊಂದಿಸಿದರೆ ಹೊಸಬರು ತಲೆಕೆಳಗಾಗುವ ಭಯ ಕಡಿಮೆ.

ಲಿವರ್ ಬದಲಿಸಿದ ಮೇಲೆ ಬ್ರೇಕ್ ಮೆತ್ತಗಾಗಿ, ಲಿವರ್ ಹ್ಯಾಂಡಲ್ಲಿಗೇ ಬಂದು ತಾಗಿದರೆ, ವಿ ಬ್ರೇಕಿಗೆ (ರಿಮ್ಮಿನ ಎರಡೂ ಬದಿ ಉದ್ದ ತೋಳು ನಿಂತಿರುವ ಬಗೆ) ಕ್ಯಾಲಿಪರ್ ಬ್ರೇಕಿನ (ಚಕ್ರದ ಮೇಲೆ ಒಂದೇ ಬೋಲ್ಟಿಗೆ ಕೂರುವ ಬಗೆ) ಲಿವರ್ ಹಾಕಿದ್ದೀರಿ. ಅದು ಎಳೆಯುವ ಕೇಬಲ್ ಕಡಿಮೆ. ಲಿವರ್ ಕಲ್ಲಿನ ಹಾಗೆ ಗಟ್ಟಿ ಇದ್ದು ಸೈಕಲ್ ನಿಲ್ಲದಿದ್ದರೆ ಅದರ ಉಲ್ಟಾ.

ಉಳಿದವು

ತಿರುಗುವಾಗ ಪೆಡಲ್ ನೆಲಕ್ಕೆ ಬಡಿದರೆ 170ರ ಬದಲು 165 ಮಿ.ಮೀ. ಕ್ರ್ಯಾಂಕ್ ಹಾಕಿ. ಬೂಟಿನ ತುದಿ ಮುಂದಿನ ಚಕ್ರಕ್ಕೆ ತಾಗಿದರೂ ಇದರಿಂದ ಕೊಂಚ ಸಹಾಯ. 26 ಇಂಚಿನ ಚಕ್ರದ ಫ್ರೇಮಿನಲ್ಲಿ ಈ ತೊಂದರೆ ಕಡಿಮೆ. ನಿಂತಲ್ಲೇ ಸಮತೋಲ ಸಿಗದಿದ್ದರೆ ಸೀಟನ್ನು ರಸ್ತೆಯ ಎತ್ತರಕ್ಕಿಂತ ಎರಡು ಮೂರು ಸೆಂ.ಮೀ. ಇಳಿಸಿ. ಪೆಡಲ್‌ಗೆ ಪಟ್ಟಿ ಬೇಡ, ಅಗಲವಾದ ಚಪ್ಪಟೆ ಪೆಡಲ್ ಸಾಕು.

ಮುಂದಿನ ಚಕ್ರದ ಕಡ್ಡಿ ಪದೇಪದೇ ಮುರಿಯುತ್ತಿದ್ದರೆ ಟೊಳ್ಳು ಗೆರೆಯ ಪ್ಲಾಸ್ಟಿಕ್ ಹಾಳೆಯನ್ನು ದುಂಡಗೆ ಕತ್ತರಿಸಿ ಎರಡೂ ಬದಿ ಕಟ್ಟಿ. ಚೆಂಡು ಕಡ್ಡಿಗಳ ನಡುವೆ ಸಿಕ್ಕುವುದೂ ನಿಲ್ಲುತ್ತದೆ. ಹಾಳೆ ಕಟ್ಟುವ ಮುಂಚೆ ಕಡ್ಡಿ ಎಲ್ಲ ಬಿಗಿ ಮಾಡಿ ಔಟ್ ತೆಗೆಸಿ, ಆಮೇಲೆ ಕೈ ಹೋಗುವುದಿಲ್ಲ.

ಹ್ಯಾಂಡಲ್ ಕೊಳವೆಯ ಎರಡೂ ತುದಿಗೆ ಮುಚ್ಚಳ ಇರಲೇಬೇಕು. ತೆರೆದ ಕೊಳವೆ ಬಿದ್ದವರ ಹೊಟ್ಟೆಗೆ ನುಗ್ಗಿದರೆ ಗಾಯ ಆಳವಾಗುತ್ತದೆ. ಆಟದ ಮಧ್ಯೆ ಮುಚ್ಚಳ ಬಿದ್ದುಹೋದರೆ ಕೂಡಲೇ ಹೊರಗೆ ಬಂದು ಹೊಸದು ಹಾಕಿ, ಆಮೇಲೆ ಒಳಗೆ ಹೋಗಿ.